ನೂರಕ್ಕೆ ನೂರು

ಹೊರಗಿನಿಂದ ಬಂದ ನೆಂಟರು ನಮ್ಮ ನಾಗಲಮಡಿಕೆಯಲ್ಲಿ ಒಂದು ರಾತ್ರಿ ತಂಗಿದರೆ ಸಾಕು, ಬೆಳಗಿನ ಕಾಫಿಯ ಹೊತ್ತಿಗೆ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. "ಅಲ್ಲ ಮೇಷ್ಟ್ರೇ, ಪಕ್ಕದಲ್ಲೇ ಅಷ್ಟು ದೊಡ್ಡ ಸೋಲಾರ್ ಪಾರ್ಕು ಇಟ್ಟುಕೊಂಡು ನಿಮ್ಮೂರಲ್ಲೂ ಕರೆಂಟು ಹೋಗುತ್ತದೆಯೆ?"

ಹೋಗುತ್ತದೆ. ಕೇಳುವವರದೇನೂ ತಪ್ಪಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ನಮ್ಮ ಹೋಬಳಿಯ ಈ ಐದು ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ ಇಂದು ಗಾಜಿನ ಹಲಗೆಗಳು ಸೂರ್ಯನಿಗೆ ಮುಖವೊಡ್ಡಿಕೊಂಡು ನಿಂತಿವೆ. ರೈತರು ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಕೊಟ್ಟರು. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. 2019ರ ಡಿಸೆಂಬರಿನ ಹೊತ್ತಿಗೆ 2050 ಮೆಗಾವಾಟಿನ ಪೂರ್ತಿ ಕೆಲಸ ಮುಗಿಯಿತು. ಆದರೆ ಅಲ್ಲಿ ಹಗಲು ಹುಟ್ಟುವ ವಿದ್ಯುತ್ತು ದೊಡ್ಡ ದೊಡ್ಡ ಕಂಬಗಳನ್ನೇರಿ ನಾಡಿನ ಜಾಲಕ್ಕೆ ಹೊರಟುಹೋಗುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲೆ ಹುಟ್ಟುವುದು ಸೊನ್ನೆ. ನಮ್ಮ ಬೀದಿಗೆ ಬರುವ ಕರೆಂಟಿನ ದಾರಿಯೇ ಬೇರೆ. ಆ ದಾರಿಯಲ್ಲಿ ಒಂದು ಹುಣಿಸೆಯ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಮುಗಿಯಿತು. ಉತ್ತರ ಪಿನಾಕಿನಿಯ ದಂಡೆಯಲ್ಲೇ ಇದ್ದರೂ ಮನೆಗೆ ನೀರು ಬರಬೇಕಾದದ್ದು ಕೊಡದಲ್ಲಿಯೇ ಅಲ್ಲವೆ?

ಆದ್ದರಿಂದ ನಮ್ಮ ಕಡೆ ಪ್ರತಿ ಮನೆಯಲ್ಲಿಯೂ ಕತ್ತಲೆಗೆಂದು ಒಂದು ಹಿಡಿ ಉಳಿತಾಯ ಇರುತ್ತದೆ. ಒಬ್ಬರಲ್ಲಿ ಮೇಣದ ಬತ್ತಿ, ಒಬ್ಬರಲ್ಲಿ ಇನ್‌ವರ್ಟರು. ನನ್ನ ತಂಗಿಯ ಮನೆಯಲ್ಲಿ ಇರುವುದು ಯು.ಪಿ.ಎಸ್. ಎಂಬ ಪೆಟ್ಟಿಗೆ, ಚಪ್ಪಲಿ ಕೊಂಡಾಗ ಕೊಡುವ ಡಬ್ಬಿಯಷ್ಟು ಗಾತ್ರದ್ದು. ಅದು ದೀಪಕ್ಕಲ್ಲ, ಫ್ಯಾನಿಗಲ್ಲ. ಇನ್ನೊಂದು ಪುಟ್ಟ ಪೆಟ್ಟಿಗೆಯನ್ನು ಬದುಕಿಸಿಡಲಿಕ್ಕೆ. ಈ ಎರಡು ಪೆಟ್ಟಿಗೆಗಳ ವ್ಯವಹಾರವನ್ನು ಹೇಳುವುದೇ ಈ ಬರಹದ ಉದ್ದೇಶ.

ಎರಡನೆಯ ಪೆಟ್ಟಿಗೆಗೆ ಫೈರ್‌ವಾಲ್ ಎಂದು ಹೆಸರು. ಅದರಲ್ಲಿ ಬೆಂಕಿಯೂ ಇಲ್ಲ, ಗೋಡೆಯೂ ಇಲ್ಲ. ಅಂಗೈಯಗಲದ ಒಂದು ಗಣಕಯಂತ್ರ ಅಷ್ಟೆ. ಹೊರಗಿನ ಇಂಟರ್‌ನೆಟ್ಟಿನ ತಂತಿ ಮೊದಲು ಇದರೊಳಗೆ ಬರಬೇಕು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಲೆಬಾಗಿಲಿನಿಂದಲೇ ಕಳಿಸಬೇಕು ಎಂದು ಇದು ನೋಡಿ ಬಿಡುತ್ತದೆ. ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಕಂಪೆನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಸಂಜೆ ಐದರಿಂದ ನಡುರಾತ್ರಿ ಎರಡರವರೆಗೆ. ಮನೆಯ ಟಿವಿ, ಮೊಬೈಲುಗಳು ಒಂದು ಕಡೆ, ಕಂಪೆನಿಯ ಕಡತಗಳು ಇನ್ನೊಂದು ಕಡೆ ಇರಲೆಂದು ಪಿಎಫ್‌ಸೆನ್ಸ್ ಎಂಬ ತಂತ್ರಾಂಶವನ್ನು ಹಾಕಿ ಅವಳೇ ಇದನ್ನು ಜೋಡಿಸಿಕೊಂಡಳು. ಕಂಪೆನಿಗೆ ಹೋಗುವ ಗುಟ್ಟಿನ ದಾರಿ ಈ ಪೆಟ್ಟಿಗೆಯಿಂದಲೇ ಹೊರಡುತ್ತದೆ.

ಅವಳು ಊರಿಗೆ ಬಂದದ್ದು ಸುಖಕ್ಕಲ್ಲ. ತಂಗಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಬೆಳಗ್ಗೆ ಕರೆದುಕೊಂಡು ಹೋಗುವುದು, ಮಧ್ಯಾಹ್ನ ಕರೆತರುವುದು, ಸಂಜೆ ಗಣಕದ ಮುಂದೆ ಕೂರುವುದು. ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಕರೆಂಟು ಹೋದಾಗಲೆಲ್ಲ ಫೈರ್‌ವಾಲಿನ ಪೆಟ್ಟಿಗೆಯೂ ಹೋಗತೊಡಗಿತು. ಗಣಕಕ್ಕೆ ಅದರದೇ ಬ್ಯಾಟರಿ ಉಂಟು, ಅದು ಬೆಳಗುತ್ತಲೇ ಇರುತ್ತದೆ. ಆದರೆ ದಾರಿ ಮುಚ್ಚಿದ ಮೇಲೆ ಬಂಡಿ ಗಟ್ಟಿಯಾಗಿದ್ದು ಏನು ಪ್ರಯೋಜನ? ಅದೂ ಸಾಲದೆಂಬಂತೆ, ಹೇಳದೆ ಕೇಳದೆ ಸತ್ತ ಯಂತ್ರ ಮತ್ತೆ ಎದ್ದಾಗ ತನ್ನ ಕಡತಗಳನ್ನೆಲ್ಲ ತಡವಿ ನೋಡಿಕೊಂಡು ಹತ್ತು ಹದಿನೈದು ನಿಮಿಷ ಕಳೆಯುತ್ತಿತ್ತು. ಒಂದು ಸಲವಂತೂ ಅದರ ಹೊಂದಿಕೆಗಳೇ ಕೆಟ್ಟು, ರಾತ್ರಿಯೆಲ್ಲ ಕೂತು ಮೊದಲಿನಿಂದ ತುಂಬಬೇಕಾಯಿತು. ಒಂದೇ ತಿಂಗಳಲ್ಲಿ ಮೂರು ಸಲ ಹೀಗಾಯಿತು. ಅವಳ ಮೇಲಧಿಕಾರಿ ಕೆಟ್ಟವನಲ್ಲ. ಆದರೆ ಅವನಿಗೂ ಮೇಲೊಬ್ಬನಿದ್ದಾನೆ. ಇನ್ನೊಮ್ಮೆ ಹೀಗಾದರೆ ಬೆಂಗಳೂರಿಗೆ ಬಂದು ಕೆಲಸ ಮಾಡಬೇಕಾಗುತ್ತದೆ ಎಂದು ಮೃದುವಾಗಿಯೇ ಬರೆದ.

"ಹೋಗಲಿ ಬಿಡಣ್ಣ, ನನಗೋಸ್ಕರ ಅವಳೇಕೆ ಇಲ್ಲಿ ಕೊಳೆಯಬೇಕು" ಎಂದಳು ತಂಗಿ, ಗೋಡೆಯ ಕಡೆ ತಿರುಗಿಕೊಂಡು.

ಹುಡುಗಿ ಮಾತಾಡಲಿಲ್ಲ. ಗಣಕವನ್ನು ನನ್ನ ಕಡೆಗೆ ತಿರುಗಿಸಿದಳು. "ಇಲ್ಲಿ ನೋಡಿ ಮಾವ. ಯು.ಪಿ.ಎಸ್. ಬ್ಯಾಟರಿ ನೂರಕ್ಕೆ ನೂರು ಅಂತ ತೋರಿಸ್ತಾ ಇದೆ. ನೂರಿದ್ದದ್ದು ಎರಡೇ ನಿಮಿಷದಲ್ಲಿ ಹೇಗೆ ಸತ್ತೋಗತ್ತೆ?"

ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಈ ಪ್ರಶ್ನೆಗಿಂತ ದೊಡ್ಡ ಆಮಂತ್ರಣ ಬೇಕೆ? ಅಟ್ಟದಿಂದ ನನ್ನ ಹಳೆಯ ಮೀಟರನ್ನು ಇಳಿಸಿ, ಧೂಳು ಒರೆಸಿ, ಹೊಸ ಸೆಲ್ಲು ಹಾಕಿಕೊಂಡು ಅವರ ಮನೆಗೆ ಹೋದೆ.

ಬ್ಯಾಟರಿಯ ಸ್ಥಿತಿಯನ್ನು ಫೈರ್‌ವಾಲಿಗೆ ತಿಳಿಸುವ ಕೆಲಸ ನಟ್ ಎಂಬ ತಂತ್ರಾಂಶದ್ದು. ನೆಟ್‌ವರ್ಕ್ ಯು.ಪಿ.ಎಸ್. ಟೂಲ್ಸ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳವು. ಬೋಲ್ಟಿನ ಜೊತೆಯ ನಟ್ಟಲ್ಲ. ಕಳೆದ ಶತಮಾನದ ಕೊನೆಯಲ್ಲಿ ರಸೆಲ್ ಕ್ರೋಲ್ ಎಂಬವರು ಆರಂಭಿಸಿದ್ದು. ಇಂದು ಹಲವು ದೇಶಗಳ ಉತ್ಸಾಹಿಗಳು ಅದನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಾರೆ. ಅವಳು ವಿವರಿಸಿದಂತೆ ಅದರ ವ್ಯವಸ್ಥೆ ನಮ್ಮ ಹಳೆಯ ತಾಲ್ಲೂಕು ಕಚೇರಿಯ ಹಾಗೆಯೇ ಇದೆ. ಒಬ್ಬ ಜವಾನ: ಯು.ಪಿ.ಎಸ್. ಹತ್ತಿರ ಎರಡೆರಡು ಸೆಕೆಂಡಿಗೊಮ್ಮೆ ಓಡಿ, ಹೇಗಿದ್ದೀಯೆ ಎಂದು ಕೇಳಿಕೊಂಡು ಬರುತ್ತಾನೆ. ಒಬ್ಬ ಗುಮಾಸ್ತ: ಜವಾನ ತಂದದ್ದನ್ನು ಲೆಡ್ಜರಿಗೆ ಏರಿಸುತ್ತಾನೆ. ಒಬ್ಬ ಅಮಲ್ದಾರ: ಲೆಡ್ಜರನ್ನು ನೋಡುತ್ತಲೇ ಇದ್ದು, ಕರೆಂಟು ಹೋಗಿದೆ ಮತ್ತು ಬ್ಯಾಟರಿ ತಳ ಕಂಡಿದೆ ಎಂಬ ಎರಡೂ ಸಂಗತಿಗಳು ಒಟ್ಟಿಗೆ ಕಂಡಾಗ ಮಾತ್ರ, ಕಡತ ಕಟ್ಟಿ ಬಾಗಿಲು ಹಾಕಿ ಎಂದು ಫೈರ್‌ವಾಲಿಗೆ ಹುಕುಂ ಕೊಡುತ್ತಾನೆ.

ಮೊದಲು ಜವಾನನನ್ನೇ ವಿಚಾರಿಸಿದೆವು. ಲೆಡ್ಜರಿನಲ್ಲಿ ಆಗಾಗ "ಡೇಟಾ ಸ್ಟೇಲ್" ಎಂಬ ದೂರು ಕಾಣುತ್ತಿತ್ತು. ಹಳಸಿದ ಮಾಹಿತಿ ಎಂದರ್ಥ. ನಿನ್ನೆಯ ಸಾರಿನ ವಿಷಯದಲ್ಲಿ ನಾವಾಡುವ ಮಾತನ್ನೇ ಯಂತ್ರವೂ ಆಡುವುದನ್ನು ಕಂಡು ನನಗೆ ನಗು ಬಂತು. ಜವಾನ ಹೋದವನು ಹೊತ್ತಿಗೆ ಸರಿಯಾಗಿ ಹಿಂತಿರುಗಲಿಲ್ಲ ಎಂಬುದು ಅದರ ತಾತ್ಪರ್ಯ. ಯು.ಎಸ್.ಬಿ. ತಂತಿಯನ್ನು ಬದಲಾಯಿಸಿದಳು. ಮಧ್ಯೆ ಸೇರಿಸಿದ್ದ ಕವಲುಡಬ್ಬಿಯನ್ನು ತೆಗೆದು ನೇರವಾಗಿ ಜೋಡಿಸಿದಳು. ಜವಾನನನ್ನೇ ಬದಲಿಸಿದಳು ಕೂಡ. ಏಕೆಂದರೆ ಅಗ್ಗದ ಯು.ಪಿ.ಎಸ್.ಗಳು ಆಡುವ ಭಾಷೆ ಬೇರೆ, ದುಬಾರಿಯವು ಆಡುವ ಭಾಷೆ ಬೇರೆ. ಭಾಷೆ ತಿಳಿದವನನ್ನು ಕಳಿಸಬೇಕು. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳಸಿದ ದೂರು ನಿಂತಿತು. ನೂರು ಮಾತ್ರ ನೂರಾಗಿಯೇ ಉಳಿಯಿತು.

ಪಾಠ ಹೇಳಿದವರಿಗೆ ಒಂದು ಅನುಭವವುಂಟು. ಒಬ್ಬ ಹುಡುಗ ಪ್ರತಿ ಸಲ ನೂರಕ್ಕೆ ನೂರು ತಂದರೆ ಹುಡುಗನ ಉತ್ತರ ಪತ್ರಿಕೆಯನ್ನಲ್ಲ, ಪ್ರಶ್ನೆ ಪತ್ರಿಕೆಯನ್ನು ತರಿಸಿ ನೋಡಬೇಕು. "ಆ ಪೆಟ್ಟಿಗೆ ಜವಾನನ ಕೈಗೆ ಏನು ಬರೆದುಕೊಡುತ್ತದೆ? ಮೂಲ ಚೀಟಿಯನ್ನು ತೋರಿಸಮ್ಮ" ಎಂದೆ.

ಹುಡುಕಿ ತೆಗೆದಳು. ಒಂದೇ ಸಾಲು. ಒಳಗೆ ಬರುವ ವಿದ್ಯುತ್ತು ಎಷ್ಟು ವೋಲ್ಟು, ಹೊರಗೆ ಹೋಗುವುದು ಎಷ್ಟು, ಎಷ್ಟು ಹೊರೆ, ಬ್ಯಾಟರಿ ಎಷ್ಟು ವೋಲ್ಟು, ಕಾವು ಎಷ್ಟು, ಹೀಗೆ ಕೆಲವು ಅಂಕಿಗಳು. ಕೊನೆಯಲ್ಲಿ ಸೊನ್ನೆ ಒಂದುಗಳ ಎಂಟು ಗುರುತು. ಮೊದಲನೆಯದು ಕರೆಂಟು ಹೋಗಿದೆಯೆ ಎಂಬುದಕ್ಕೆ, ಎರಡನೆಯದು ಬ್ಯಾಟರಿ ತಳ ಕಂಡಿದೆಯೆ ಎಂಬುದಕ್ಕೆ. ಇಡೀ ಸಾಲಿನಲ್ಲಿ ನೂರಕ್ಕೆ ಇಷ್ಟು ಎಂಬ ಮಾತೇ ಇಲ್ಲ!

ಹಾಗಾದರೆ ಆ ನೂರು ಎಲ್ಲಿಂದ ಬಂತು? ಜವಾನ ಊಹಿಸಿ ಹೇಳಿದ್ದು. ಹನ್ನೆರಡು ವೋಲ್ಟಿನ ಬ್ಯಾಟರಿ ಎಂದ ಮೇಲೆ 10.4 ವೋಲ್ಟಿಗೆ ಸೊನ್ನೆ, 13 ವೋಲ್ಟಿಗೆ ನೂರು ಎಂದು ಅವನು ತಾನೇ ಒಂದು ಅಳತೆಗೋಲು ಮಾಡಿಕೊಂಡಿರುತ್ತಾನೆ. ಬೇರೆ ಅಳತೆಯನ್ನು ಯಾರೂ ಕೊಡದಿದ್ದರೆ ಅದರಂತೆಯೇ ವರದಿ. ನನ್ನ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದೆ. 13.6. ನೂರಕ್ಕಿಂತಲೂ ಮೇಲೆ!

ವಿಷಯ ಅಲ್ಲಿಗೆ ಸ್ಪಷ್ಟವಾಯಿತು. ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು 1859ರಲ್ಲಿ ಗ್ಯಾಸ್ತೋನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದ. ಅಂದಿನಿಂದ ಇಂದಿನವರೆಗೆ ಅದರ ಸ್ವಭಾವ ಬದಲಾಗಿಲ್ಲ. ಗೋಡೆಯ ಕರೆಂಟು ಬರುತ್ತಿರುವಷ್ಟು ಕಾಲ ಯು.ಪಿ.ಎಸ್. ಅದನ್ನು ಹದಿಮೂರೂವರೆ ವೋಲ್ಟಿನ ಆಸುಪಾಸಿನಲ್ಲಿ ಎತ್ತಿ ಹಿಡಿದಿರುತ್ತದೆ. ಆಗ ಮೀಟರು ಹಚ್ಚಿದರೆ ಕಾಣುವುದು ಹಿಡಿದವನ ಕೈಯ ಎತ್ತರವೇ ಹೊರತು ಕೂಸಿನ ಎತ್ತರವಲ್ಲ. ಒಳಗಿನ ತಗಡುಗಳು ಸವೆದು ತಿರುಳಿಲ್ಲದೆ ಹೋಗಿದ್ದರೂ ವೋಲ್ಟು ಮಾತ್ರ ಶ್ರೀಮಂತವಾಗಿಯೇ ಇರುತ್ತದೆ. ಹೊರೆ ಹೊರಿಸಿದಾಗಲಷ್ಟೆ ನಿಜ.

ನಮ್ಮ ತಾತನ ಕಾಲದಲ್ಲಿ ಮನೆಯ ಮುಂದೆ ಒಂದು ಹಗೇವು ಇತ್ತು. ಈಗಿನ ಹುಡುಗರು ಹಗೇವನ್ನು ಕಂಡಿರಲಾರರು. ನೆಲದೊಳಗೆ ಗುಡಾಣದಂತೆ ತೋಡಿದ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಬಾಯಿ. ಅದರಲ್ಲಿ ರಾಗಿ ತುಂಬಿ, ಮೇಲೆ ಹುಲ್ಲು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲಕ್ಕೆಂದು ನಮ್ಮ ಸೀಮೆಯವರು ಕಟ್ಟಿಕೊಂಡ ಬ್ಯಾಟರಿಯೇ ಅದು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯ. ಎಷ್ಟು ಖಂಡುಗ ಸುರಿದಿದೆ ಎಂಬ ಲೆಕ್ಕ ತಾತನ ಬಾಯಲ್ಲೇ ಇರುತ್ತಿತ್ತು. ಆದರೂ ಒಂದು ವರ್ಷ ತಳದಲ್ಲಿ ನೀರು ಜಿನುಗಿ, ಅರ್ಧಕ್ಕರ್ಧ ರಾಗಿ ಹೆಂಟೆಗಟ್ಟಿ ಕಪ್ಪಗಾಗಿತ್ತಂತೆ. ಆಮೇಲಿನಿಂದ ಮಳೆ ಸರಿಯಾಗಿ ಬಂದ ವರ್ಷವೂ ತಾತ ಸುಗ್ಗಿಗೆ ಮೊದಲು ಬಾಯಿ ತೆಗೆಸಿ, ಕೈಹಾಕಿ ನೋಡದೆ ಬಿಡುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ಕೆಲಸವಿಲ್ಲದ ಹೊತ್ತು ನೋಡಿ ನಾವೂ ಬಾಯಿ ತೆಗೆದೆವು. ಫೈರ್‌ವಾಲನ್ನು ಯು.ಪಿ.ಎಸ್.ನಿಂದ ಬಿಡಿಸಿ ಗೋಡೆಗೆ ಜೋಡಿಸಿದೆವು. ಪರೀಕ್ಷೆಯಲ್ಲಿ ಅದು ಬಲಿಯಾಗಬಾರದಲ್ಲ. ಅದರ ಬದಲು ಯು.ಪಿ.ಎಸ್.ಗೆ ನಲವತ್ತು ವಾಟಿನ ಹಳೆಯ ಬಲ್ಬೊಂದನ್ನು ಸಿಕ್ಕಿಸಿದೆ. ಈಗಿನ ಎಲ್.ಇ.ಡಿ. ದೀಪಗಳು ತಿನ್ನುವುದು ಕಡಿಮೆ, ಪರೀಕ್ಷೆಗೆ ಬಾರವು. ಅವಳು ಗಡಿಯಾರ ಹಿಡಿದಳು. ನಾನು ಗೋಡೆಯಿಂದ ಪ್ಲಗ್ಗು ಕಿತ್ತೆ.

13.6 ಇದ್ದದ್ದು ಒಂದೇ ನೆಗೆತಕ್ಕೆ 11.8ಕ್ಕೆ ಬಿತ್ತು. ಪರದೆಯ ಮೇಲೆ ನೂರು ಅಳಿಸಿ 54 ಬಂತು. ಒಂದು ನಿಮಿಷಕ್ಕೆ 11.2, ಪರದೆಯಲ್ಲಿ 31. ನೂರು ಸೆಕೆಂಡಿಗೆ 10.6, ಪರದೆಯಲ್ಲಿ 8. ಆಗ ಯು.ಪಿ.ಎಸ್. ಕಿರುಚಿಕೊಂಡಿತು, ತಳ ಕಂಡಿತು ಎಂಬ ಗುರುತು ಸೊನ್ನೆಯಿಂದ ಒಂದಾಯಿತು. ಅಲ್ಲಿಂದ ಹನ್ನೆರಡನೆಯ ಸೆಕೆಂಡಿಗೆ ಬಲ್ಬು ಆರಿತು.

"ಹನ್ನೆರಡು ಸೆಕೆಂಡು!" ಎಂದಳು ಅವಳು. "ಮಾವ, ಫೈರ್‌ವಾಲು ಎಲ್ಲಾ ಕಟ್ಟಿಟ್ಟು ಮಲಗಕ್ಕೆ ನಲವತ್ತು ಸೆಕೆಂಡು ಬೇಕು."

ಅಮಲ್ದಾರನ ಹುಕುಂ ಹೊರಡುತ್ತಲೇ ಇತ್ತು. ಅದು ಓದಿ ಮುಗಿಯುವುದರೊಳಗೆ ಕಚೇರಿಯೇ ಕುಸಿಯುತ್ತಿತ್ತು. ತಂತ್ರಾಂಶದಲ್ಲಿ ದೋಷವಿರಲಿಲ್ಲ. ತಂತಿಯಲ್ಲೂ ಇರಲಿಲ್ಲ. ಅವರೆಲ್ಲ ತಮಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಕೇಳುತ್ತಿದ್ದ ಪ್ರಶ್ನೆ ಮಾತ್ರ ಸುಖದಲ್ಲಿದ್ದವನನ್ನು ಸುಖವೇ ಎಂದು ಕೇಳುವ ಪ್ರಶ್ನೆ.

ಮರುದಿನ ಪಾವಗಡಕ್ಕೆ ಹೋಗಿ ಅಂಗಡಿಯವರ ಮುಂದೆ ಹಳೆಯದನ್ನು ಇಟ್ಟೆವು. ಅವರು ಮೀಟರನ್ನೂ ಹಚ್ಚಲಿಲ್ಲ. ಉಬ್ಬಿದ ಪಕ್ಕೆಯನ್ನು ಬೆರಳಿನಿಂದ ತಟ್ಟಿ, "ಪೋಯಿಂದಿ ಸಾರ್" ಎಂದರು. ತಯಾರಾಗಿ ಎರಡು ವರ್ಷವೂ ಆಗಿರಲಿಲ್ಲ. ಮೂರರಿಂದ ಐದು ವರ್ಷ ಬಾಳುತ್ತದೆ ಎಂಬ ಮಾತು ಇಪ್ಪತ್ತೈದು ಡಿಗ್ರಿಯ ತಂಪಿನಲ್ಲಿರುವ ಬ್ಯಾಟರಿಗೆ ಹೇಳಿದ್ದು; ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ, ತಗಡಿನ ಸೂರಿನ ಕೋಣೆಯ ಅಲಮಾರಿನ ಮೇಲೆ ಕುಳಿತಿದ್ದ ಪೆಟ್ಟಿಗೆ ಎರಡು ಬೇಸಗೆ ಕಂಡದ್ದೇ ಹೆಚ್ಚು. ಹನ್ನೆರಡು ವೋಲ್ಟು, ಏಳು ಆಂಪಿಯರ್ ಗಂಟೆಯ ಹೊಸದನ್ನು ಕೊಂಡೆವು. ಹಳೆಯದರ ಸೀಸಕ್ಕೆ ತೂಕದ ಮೇಲೆ ಒಂದಿಷ್ಟು ಹಣ ಮುರಿದುಕೊಂಡರು.

ಈ ಏಳು ಆಂಪಿಯರ್ ಗಂಟೆ ಎಂಬುದರಲ್ಲಿಯೂ ಒಂದು ವಿಶೇಷವುಂಟು. ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಹೀರಿದರೆ ಏಳು. ಗಂಟೆಯೊಳಗೆ ಬರಿದು ಮಾಡಹೊರಟರೆ ಅಷ್ಟು ಸಿಕ್ಕುವುದಿಲ್ಲ. ರಾತ್ರಿಯೆಲ್ಲ ತುಂಬಿಸಿ, ಅದೇ ಬಲ್ಬನ್ನು ಮತ್ತೆ ಹಚ್ಚಿ ನೋಡಿದೆವು. ತಳದ ಗುರುತು ಕಂಡದ್ದು ಐವತ್ತೆರಡನೆಯ ನಿಮಿಷಕ್ಕೆ.

ಉಳಿದ ತಿದ್ದುಪಡಿಗಳನ್ನು ಅವಳೇ ಮಾಡಿದಳು. ಜವಾನನ ಅಳತೆಗೋಲನ್ನು ಬದಲಾಯಿಸಿ, ಬಲ್ಬಿನ ಪರೀಕ್ಷೆಯಲ್ಲಿ ಕಂಡ ವೋಲ್ಟುಗಳನ್ನೇ ಮೇಲಿನ ಕೆಳಗಿನ ಗಡಿಗಳಾಗಿ ಕೊಟ್ಟಳು. ತಳದ ಗುರುತಿಗಾಗಿ ಕಾಯದೆ, ಕರೆಂಟು ಹೋಗಿ ಮೂವತ್ತೈದು ನಿಮಿಷವಾದರೆ ಬಾಗಿಲು ಹಾಕಿಯೇಬಿಡಬೇಕೆಂದು ಅಮಲ್ದಾರನಿಗೆ ಹೊಸ ಹುಕುಂ ಬರೆದಳು. ಇನ್ನೊಂದು ಕೊಸರೂ ಇತ್ತು. ಫೈರ್‌ವಾಲು ಸರಿಯಾಗಿ ಮಲಗಿದ ಮೇಲೆ, ಯು.ಪಿ.ಎಸ್. ಇನ್ನೂ ಜೀವಂತವಿರುವಾಗಲೇ ಕರೆಂಟು ಬಂದುಬಿಟ್ಟರೆ, ತನಗೆ ವಿದ್ಯುತ್ತು ತಪ್ಪಿತ್ತೆಂಬುದೇ ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಗುಂಡಿ ಒತ್ತುವವರೆಗೂ ಮಲಗಿಯೇ ಇರುತ್ತದೆ. ಆದ್ದರಿಂದ ಮಲಗುವ ಮುನ್ನ ಯು.ಪಿ.ಎಸ್.ಗೆ, ನೀನೂ ಒಂದು ಗಳಿಗೆ ಆರಿ, ಕರೆಂಟು ಬಂದಾಗ ಹತ್ತು ಎಂದು ಹೇಳಿ ಮಲಗುವಂತೆ ಮಾಡಿದಳು. ವಿದ್ಯುತ್ತು ಬಂದ ಕೂಡಲೇ ಎಚ್ಚರವಾಗಬೇಕೆಂದು ಯಂತ್ರಕ್ಕೂ ಕಟ್ಟುಮಾಡಿದಳು. ಪೆಟ್ಟಿಗೆಗಳೆರಡೂ ಅಲಮಾರಿನಿಂದಿಳಿದು ನಡುಮನೆಯ ಕಲ್ಲುಹಾಸಿನ ಮೇಲೆ ತಂಪಾಗಿ ಕುಳಿತವು.

ಇದಾದ ಎಂಟು ದಿನಕ್ಕೆ ಗಾಳಿ ಮಳೆ ಬಂತು. ರಾತ್ರಿ ಹತ್ತಕ್ಕೆ ಹೋದ ಕರೆಂಟು ಬಂದದ್ದು ಹತ್ತೂ ಇಪ್ಪತ್ತೆಂಟಕ್ಕೆ. ಹುಡುಗಿ ಹೆಡ್‌ಫೋನು ಹಾಕಿಕೊಂಡು ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಇದ್ದಳು. ಆ ಕಡೆಯವರಿಗೆ ನಾಗಲಮಡಿಕೆ ಕತ್ತಲಲ್ಲಿದೆ ಎಂದು ತಿಳಿಯಲೂ ಇಲ್ಲ. ತಂಗಿ ಮಂಚದ ಮೇಲೆ ಎದ್ದು ಕುಳಿತು, ಆ ಮಾತು ನಿಲ್ಲುತ್ತದೆಯೋ ಎಂದು ಕಿವಿಗೊಟ್ಟು ಕೇಳುತ್ತಿದ್ದಳು. ದೀಪ ಬಂದಾಗ ನನ್ನನ್ನು ನೋಡಿ, "ನಿಲ್ಲಲಿಲ್ಲ ಅಲ್ವೇನಣ್ಣ?" ಎಂದಳು.

ಡಯಾಲಿಸಿಸಿಗೆ ಹೋಗುವ ಬೆಳಗ್ಗೆ ಹೇಗಿದ್ದೀಯೆ ಎಂದು ಕೇಳಿದರೆ ಚೆನ್ನಾಗಿದ್ದೀನಿ ಎನ್ನುವುದು ತಂಗಿಯ ರೂಢಿ; ಮಂಚದ ಮೇಲೆ ಕುಳಿತೇ ಹೇಳುತ್ತಾಳೆ. ಈಗೀಗ ಹುಡುಗಿ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾಳೆ. ಬಸ್ಸಿನ ಎರಡು ಮೆಟ್ಟಿಲು ಹತ್ತುವಾಗ ಅಮ್ಮ ಎಷ್ಟು ಹೊತ್ತು ಕಂಬಿ ಹಿಡಿದು ನಿಂತಳು ಎಂಬುದನ್ನು ನೋಡಿಕೊಂಡು, ಡಾಕ್ಟರ ಹತ್ತಿರ ಅದನ್ನೇ ಹೇಳುತ್ತಾಳೆ.

ಬ್ಯಾಟರಿಯ ಪರೀಕ್ಷೆ ತಿಂಗಳಿಗೊಂದು ಭಾನುವಾರ ನನ್ನ ಪಾಲಿಗೆ ಬಂದಿದೆ. ಪ್ರತಿ ಸಲವೂ ತಳ ಕಾಣಿಸುವುದಿಲ್ಲ. ಸೀಸದ ಬ್ಯಾಟರಿಯನ್ನು ಪೂರ್ತಿ ಹಿಂಡಿದಷ್ಟೂ ಅದರ ಆಯುಸ್ಸು ಕಡಿಮೆಯಾಗುತ್ತದೆ. ಹತ್ತು ನಿಮಿಷ ಬಲ್ಬು ಉರಿಸಿ, ಹತ್ತನೆಯ ನಿಮಿಷದ ವೋಲ್ಟನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತೇನೆ. ಮೊದಲ ಮೂರು ತಿಂಗಳು 12.2. ಬೇಸಗೆಯಲ್ಲಿ 12.1. ಹೋದ ಭಾನುವಾರದ್ದು 12.0. ಪರದೆ ಇಂದಿಗೂ ನೂರನ್ನೇ ತೋರಿಸುತ್ತಿದೆ. 11.7ಕ್ಕೆ ಬಂದ ದಿನ ಪಾವಗಡದ ಬಸ್ಸು ಹತ್ತುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.